ಅರ್ಧ ಗಂಟೆಯ ತಕರಾರು

ಎರಡು ದೇಶಗಳ ಸಮಯ ತೋರಿಸುವ ಹಳೇ ವಾಚೊಂದನ್ನು ಕೊಳ್ಳಬೇಕೆಂದು ಚಿತ್ರದುರ್ಗದಲ್ಲೋ ಹೊಸದುರ್ಗದಲ್ಲೋ ಯಾರಾದರೂ ಹೊರಟರೆ, ಬೆಲೆಯ ಮಾತಿಗಿಂತ ಮೊದಲು ಅರ್ಧ ಗಂಟೆಯ ಮಾತು ಆಡಬೇಕಾಗುತ್ತದೆ.

ಜಿಎಂಟಿ ವಾಚು ಎಂದು ಹೆಸರಾದ ಈ ಬಗೆ ಬೆಳೆದದ್ದು 1950ರ ದಶಕದಲ್ಲಿ, ಖಂಡ ದಾಟುವ ಪೈಲಟ್‌ಗಳಿಗಾಗಿ. ಪ್ಯಾನ್ ಅಮೆರಿಕನ್ ವಿಮಾನ ಸಂಸ್ಥೆಯವರಿಗೆಂದು ರೋಲೆಕ್ಸ್ ಮಾಡಿಕೊಟ್ಟ ಜಿಎಂಟಿ-ಮಾಸ್ಟರ್ ಇದರಲ್ಲಿ ಹೆಸರುವಾಸಿ. ಮಾಮೂಲಿ ಮುಳ್ಳುಗಳ ಜೊತೆಗೆ ಇನ್ನೊಂದು ಮುಳ್ಳು, ಅದಕ್ಕೆ ದಿನಕ್ಕೊಂದೇ ಸುತ್ತು. ಡಯಲಿನ ಹೊರಗೆ 24 ಗಂಟೆ ಗುರುತು ಹಾಕಿದ ಉಂಗುರ. ಆದರೆ ಆ ಹೆಚ್ಚುವರಿ ಮುಳ್ಳು ನಿಮಿಷದ ಮುಳ್ಳಿನ ಹಲ್ಲುಚಕ್ರಕ್ಕೇ ಕಟ್ಟುಬಿದ್ದಿರುತ್ತದೆ. ನಿಮಿಷದ ಮುಳ್ಳು 12ಕ್ಕೆ ಬಂದಾಗ ಇದೂ ಇಡೀ ಅಂಕಿಯ ಮೇಲೇ ಇರಬೇಕು. ದುಬೈಗೂ ಲಂಡನ್ನಿಗೂ ಲೆಕ್ಕ ಸರಿಹೋಗುತ್ತದೆ. ಗ್ರೀನ್‌ವಿಚ್‌ಗಿಂತ ಐದೂವರೆ ಗಂಟೆ ಮುಂದಿರುವ ನಮಗೆ ಮಾತ್ರ ಆ ಅರ್ಧ ಎಲ್ಲೂ ಕೂರುವುದಿಲ್ಲ.

ಈ ಅರ್ಧ ನಮಗೆ ಅಂಟಿಕೊಂಡದ್ದು 1906ರ ಜನವರಿ 1ರಂದು. ಅದಕ್ಕೆ ಮುಂಚೆ ರೈಲುಗಳು ಓಡುತ್ತಿದ್ದುದು ಮದರಾಸು ಸಮಯದ ಮೇಲೆ, ಈಗಿನ ಗಡಿಯಾರಕ್ಕಿಂತ ಒಂಬತ್ತು ನಿಮಿಷ ಹಿಂದೆ. ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ರೇಖಾಂಶವನ್ನು ಇಡೀ ದೇಶಕ್ಕೆ ಅಳತೆಯಾಗಿಟ್ಟ ಮೇಲೆ ಚಿತ್ರದುರ್ಗದ ಸೂರ್ಯ ಗಡಿಯಾರಕ್ಕಿಂತ ಇನ್ನಷ್ಟು ಹಿಂದೆ ಬಿದ್ದ. ಕೋಟೆಯ ಊರು ಇರುವುದು ಸುಮಾರು 76.4 ಡಿಗ್ರಿಯಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕ ಹಾಕಿದರೆ ವರ್ಷದ ಸರಾಸರಿಯಲ್ಲಿ ಸೂರ್ಯ ನೆತ್ತಿಗೆ ಬರುವುದು 12 ಗಂಟೆ 24 ನಿಮಿಷಕ್ಕೆ. ಇಪ್ಪತ್ತನಾಲ್ಕು ನಿಮಿಷವೆಂದರೆ ಹಳೇ ಲೆಕ್ಕದಲ್ಲಿ ಸರಿಯಾಗಿ ಒಂದು ಗಳಿಗೆ! ಹಿರಿಯೂರಿಗೆ ಅದರಲ್ಲಿ ಅರ್ಧ-ಮುಕ್ಕಾಲು ನಿಮಿಷ ಕಡಿಮೆ, ಹೊಳಲ್ಕೆರೆಗೆ ಒಂದು ನಿಮಿಷ ಜಾಸ್ತಿ.

ದುಬಾರಿ ವಾಚಿಗೆ ಕೈ ಹಾಕುವ ಮುಂಚೆ ಅಜ್ಜನ ಪೆಟ್ಟಿಗೆ ತೆಗೆದು ನೋಡುವುದು ಒಳ್ಳೆಯದು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ವಾಚು ತಯಾರಿಕೆ ಶುರುಮಾಡಿದ ಎಚ್‌ಎಂಟಿ, ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ತೆರೆಯಿತು. ಹಿರಿಯೂರಿನಿಂದ ಹೆದ್ದಾರಿ ಹಿಡಿದರೆ ಎರಡು ಗಂಟೆಯ ದಾರಿಯೂ ಅಲ್ಲ. ಜನತಾ, ಸೋನಾ, ಪೈಲಟ್, ಕಾಂಚನ್ ಎಂಬ ಹೆಸರುಗಳು ಈ ಸೀಮೆಯ ಮದುವೆ ಮನೆಗಳಿಗೆ ಹೊಸವಲ್ಲ. ಕಂಪನಿಯ ವಾಚು ವಿಭಾಗ ಮುಚ್ಚಲು ಕೇಂದ್ರ ತೀರ್ಮಾನಿಸಿದ್ದು 2016ರಲ್ಲಿ. ಎಚ್‌ಎಂಟಿ ಜಿಎಂಟಿ ವಾಚಿಗೆ ಹೆಸರಾದ ಕಂಪನಿಯಲ್ಲ, ನಿಜ. ಆದರೂ ಬರೀ ಗೆರೆಗಳಿರುವ ಡಯಲಿನ ಸೋನಾ ಒಂದನ್ನು ತಲೆಕೆಳಗು ಮಾಡಿ ಹಿಡಿಯಿರಿ. ಇಲ್ಲಿ ರಾತ್ರಿ ಎಂಟೂಕಾಲು. ಉಲ್ಟಾ ಹಿಡಿದಾಗ ಗಂಟೆ ಮುಳ್ಳು ಎರಡು ದಾಟಿರುತ್ತದೆ, ನಿಮಿಷದ ಮುಳ್ಳು ಒಂಬತ್ತರ ಮೇಲೆ. ಎರಡೂಮುಕ್ಕಾಲು. ಚಳಿಗಾಲದಲ್ಲಿ ಲಂಡನ್ನಿನಲ್ಲಿ ಆಗ ಮಧ್ಯಾಹ್ನದ ಅದೇ ಹೊತ್ತು. ಗಂಟೆ ಮುಳ್ಳು ಸ್ವಲ್ಪ ಹಿಂದೆ ನಿಂತಂತೆ ಕಾಣುತ್ತದೆ, ಅಷ್ಟೇ. ನಮ್ಮ ಐದೂವರೆಯ ದೆಸೆಯಿಂದಲೇ ದಕ್ಕಿದ ಪುಕ್ಕಟೆ ಸೌಕರ್ಯ ಇದು! ಬೇಸಿಗೆಯಲ್ಲಿ ಅವರು ಗಡಿಯಾರ ಮುಂದಿಡುವುದರಿಂದ ಒಂದು ಗಂಟೆ ಕೂಡಿಸಿಕೊಳ್ಳಬೇಕು.

ಮಗಳು ನ್ಯೂಜೆರ್ಸಿಯಲ್ಲಿದ್ದರೆ ಈ ಉಪಾಯ ಸಾಲದು. ಅಲ್ಲಿಗೆ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ಅಂತರ, ಚಳಿಗಾಲದಲ್ಲಿ ಹತ್ತೂವರೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ಜಿಎಂಟಿಯೇ ಬೇಕೆನ್ನುವವರು ಹೊಳಪಿಗಿಂತ ಉಂಗುರ ನೋಡಲಿ. ಗಂಟೆಗೊಮ್ಮೆ ಟಕ್ ಎಂದು ನಿಲ್ಲುವ ಉಂಗುರ ನಮ್ಮ ಅರ್ಧಕ್ಕೆ ಒಗ್ಗುವುದಿಲ್ಲ. ಹಳೇ ಜಿಎಂಟಿ-ಮಾಸ್ಟರ್‌ಗಳಲ್ಲಿದ್ದಂತೆ ತಡೆಯಿಲ್ಲದೆ ನುಣ್ಣಗೆ ತಿರುಗುವುದಾದರೆ ಎರಡು ಗುರುತುಗಳ ನಡುವೆ ಎಲ್ಲಿ ಬೇಕಾದರೂ ನಿಲ್ಲಿಸಿಕೊಳ್ಳಬಹುದು. ಈ ಒಂದು ವಿಷಯದಲ್ಲಿ ಹಳೆಯದೇ ನಮಗೆ ವಾಸಿ ಎಂದು ನನ್ನ ಅಭಿಪ್ರಾಯ.

ಆಮೇಲೆ ಅಂಗಡಿಯಲ್ಲೇ ವಾಚಿನ ಕೀ ತಿರುಗಿಸಿ ಗಂಟೆ, ನಿಮಿಷದ ಮುಳ್ಳುಗಳನ್ನು 12ಕ್ಕೆ ತನ್ನಿ. 24 ಗಂಟೆಯ ಮುಳ್ಳು ಆಗ ನೆಟ್ಟಗೆ ಮೇಲಕ್ಕೋ ನೆಟ್ಟಗೆ ಕೆಳಕ್ಕೋ ತೋರಿಸಬೇಕು. ಓರೆಯಾಗಿದ್ದರೆ ಯಾರೋ ಬಿಚ್ಚಿ ಸರಿಯಾಗಿ ಕೂರಿಸಿಲ್ಲ ಎಂದೇ ಅನುಮಾನಿಸಿ. ಗಂಟೆ ಮುಳ್ಳನ್ನು ಬೇರೆಯಾಗಿ ಹಾರಿಸುವ ಮಾದರಿಯಾದರೆ ಮೊದಲು ಅದನ್ನು 24 ಗಂಟೆಯ ಮುಳ್ಳು ತೋರಿಸುವ ಗಂಟೆಗೇ ಹೊಂದಿಸಿಕೊಳ್ಳಿ. ಕೀ ಕೊಟ್ಟು ಒಂದು ರಾತ್ರಿ ಡಯಲ್ ಮೇಲಾಗಿ, ಇನ್ನೊಂದು ರಾತ್ರಿ ಕೆಳಗಾಗಿ ಇಟ್ಟು ನೋಡಿ. ಎರಡರ ನಡುವೆ ವಿಪರೀತ ವ್ಯತ್ಯಾಸ ಬಂದರೆ ಒಳಗಿನ ಬ್ಯಾಲೆನ್ಸ್ ಚಕ್ರಕ್ಕೆ ಕೆಲಸ ಇದೆ ಎಂದರ್ಥ. ಫಳಫಳ ಹೊಳೆಯುವ ಡಯಲಿನ ‘ಹಳೇ’ ಪೈಲಟ್‌ಗಳ ಬಗ್ಗೆಯೂ ಹುಷಾರು, ಹಲವಕ್ಕೆ ಹೊಸದಾಗಿ ಬಣ್ಣ ಬಳಿದಿರುತ್ತಾರೆ.

ಕೊಳ್ಳುವ ಮುಂಚೆಯೇ ರಿಪೇರಿಯವರನ್ನು ಗೊತ್ತು ಮಾಡಿಕೊಳ್ಳುವುದು ಜಾಣತನ. ಎಚ್‌ಎಂಟಿ ಬಿಚ್ಚಿ ತೊಳೆದು ಎಣ್ಣೆ ಹಾಕುವ ಕೈಗಳು ಸಣ್ಣ ಊರುಗಳಲ್ಲಿ ಇನ್ನೂ ಸಿಕ್ಕಾವು. ಇನ್ನೊಂದು ಮುಳ್ಳಿನ ವಾಚು ಕಂಡರೆ ಅವರಲ್ಲೇ ಕೆಲವರು ಬೆಂಗಳೂರಿಗೆ ಒಯ್ಯಿರಿ ಎನ್ನಬಹುದು. ಹಾಗೆಂದರೆ ಬಸ್ಸಿನ ಖರ್ಚನ್ನೂ ವಾಚಿನ ಬೆಲೆಗೆ ಸೇರಿಸಿಯೇ ಚೌಕಾಸಿ ಮಾಡಿ.