ಜಾಯಿಂಟಿನ ಪಕ್ಕದ ಅರ್ಧ ಅಂಗುಲ

ಕಟಿಂಗ್ ಪ್ಲೇಯರ್ ಕೈಗೆ ಸಿಗದಾಗ ಕಟ್ಟುತಂತಿಯನ್ನು ಹೇಗೆ ಮುರಿಯುತ್ತೇವೆ? ಒಂದು ತುದಿಯನ್ನು ಗಟ್ಟಿಯಾಗಿ ಹಿಡಿದು ಇನ್ನೊಂದನ್ನು ಹತ್ತಿಪ್ಪತ್ತು ಸಲ ಅತ್ತಿತ್ತ ಬಗ್ಗಿಸುತ್ತೇವೆ. ತಂತಿ ತುಂಡಾಗುವುದು ಹಿಡಿತ ಮುಗಿಯುವ ಅಂಚಿನಲ್ಲೇ. ವಿಮಾನದ ವೈರಿಂಗ್ ಮಾಡುವವರು ಇಷ್ಟನ್ನು ನೆನಪಿಟ್ಟರೆ ಜಾಯಿಂಟಿನ ಮುಕ್ಕಾಲು ಪಾಠ ಕಲಿತಂತೆ.

ಮನೆಯ ಶೆಡ್ಡಿನಲ್ಲಿ ವಿಮಾನ ಕಟ್ಟುವ ಹವ್ಯಾಸ ಅಮೆರಿಕದಲ್ಲಿ ಹಳೆಯದು. ಅಂಥವರಿಗಾಗಿ ಪಾಲ್ ಪೊಬೆರೆಜ್ನಿ 1953ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಇಎಎ ಎಂಬ ಸಂಘ ಹುಟ್ಟುಹಾಕಿದರು. ಕಿಟ್ ತರಿಸಿಕೊಂಡರೂ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿರಬೇಕೆಂಬುದು ಅಲ್ಲಿನ ನಿಯಮ. ರೆಕ್ಕೆಗೆ ಸಾವಿರಾರು ರಿವಿಟ್ ಹೊಡೆದ ಗಟ್ಟಿಗರೂ ವೈರಿಂಗಿನ ಸರದಿ ಬಂದಾಗ ಅಳುಕುತ್ತಾರೆ. ತಂತಿಗಳನ್ನು ಬೆಸುಗೆ ಹಾಕಿ ಸೇರಿಸಬೇಕೋ, ಲೋಹದ ನಳಿಕೆಯೊಳಗಿಟ್ಟು ಒತ್ತಿ ಕ್ರಿಂಪ್ ಮಾಡಬೇಕೋ ಎಂಬ ಜಗಳ ಅಲ್ಲಿ ಇಡ್ಲಿಗೆ ಸಾಂಬಾರೋ ಚಟ್ನಿಯೋ ಎಂಬಷ್ಟೇ ಮುಗಿಯದ ಜಗಳ.

ಈ ಜಗಳದ ಬೇರು ಎಂಜಿನ್ನಿನ ನಡುಕದಲ್ಲಿದೆ. ನಿಮಿಷಕ್ಕೆ 2,400 ಸುತ್ತು ತಿರುಗುವ ನಾಲ್ಕು ಸಿಲಿಂಡರಿನ ಎಂಜಿನ್ನಿನೊಳಗೆ ಸೆಕೆಂಡಿಗೆ 80 ಸಲ ಇಂಧನ ಸಿಡಿಯುತ್ತದೆ. ಒಂದು ಗಂಟೆ ಹಾರಿದರೆ 2,88,000 ಗುದ್ದು. ಅಷ್ಟನ್ನೂ ತಾಳಿಕೊಳ್ಳಬೇಕಾದ 22 ಗೇಜಿನ ತಂತಿಯೊಳಗೆ ಇರುವುದು 19 ಎಳೆ, ಒಂದೊಂದೂ 0.16 ಮಿಲಿಮೀಟರ್ ದಪ್ಪ. ಎಳೆ ತೆಳುವಾದಷ್ಟೂ ಬಾಗುವಾಗ ಅದರ ಮೇಲೆ ಬೀಳುವ ಒತ್ತಡ ಕಡಿಮೆ. ಎಳೆಗಳ ಬದಲು ಒಂದೇ ಒಂದು ದಪ್ಪ ತಂತಿ ಇದ್ದರೆ ಬೇಗ ದಣಿದು ಮುರಿಯುತ್ತದೆ.

ಈಗ ಅದಕ್ಕೆ ಬೆಸುಗೆ ಹಾಕಿ. ಬತ್ತಿಯಲ್ಲಿ ಎಣ್ಣೆ ಏರುವಂತೆ ಕರಗಿದ ಲೋಹ ಎಳೆಗಳ ನಡುವೆ ಹರಿದು ಹೊದಿಕೆಯ ಒಳಕ್ಕೂ ನುಗ್ಗುತ್ತದೆ. ಹತ್ತೊಂಬತ್ತು ಎಳೆಗಳೂ ಸೇರಿ ಒಂದು ಸರಳಾಗುತ್ತವೆ. ಬೆಸುಗೆ ನಿಂತಲ್ಲೇ ಹುಟ್ಟಿತು ನೋಡಿ, ನಮ್ಮ ಕಟ್ಟುತಂತಿಯ ಅಂಚು. ವಿಮಾನದಲ್ಲಿ ಬೆಸುಗೆ ಕೂಡದು ಎಂಬ ಮಾತು ಬಂದದ್ದು ಇದರಿಂದಲೇ. ಆದರೆ ಕ್ರಿಂಪಿಗೂ ಅಂಥದೇ ಅಂಚಿದೆಯಲ್ಲ! ಅದನ್ನು ಕಾಯುವುದು ಆಸರೆ: ಒಳ್ಳೆಯ ಕ್ರಿಂಪ್ ಜಾಯಿಂಟಿನಲ್ಲಿ ತಾಮ್ರವನ್ನು ಒತ್ತುವ ನಳಿಕೆಯ ಜೊತೆಗೆ ಹೊದಿಕೆಯನ್ನೂ ಅಪ್ಪಿ ಹಿಡಿಯುವ ತೋಳು ಇರುತ್ತದೆ. ಬಾಗುವ ಪೆಟ್ಟನ್ನು ಬರಿ ಎಳೆಗಳ ಬದಲು ಹೊದಿಕೆ ಸಮೇತ ಇಡೀ ತಂತಿ ತಿನ್ನುತ್ತದೆ. ಬೆಸೆದ ಜಾಯಿಂಟಿನ ಮೇಲೆ, ಎರಡೂ ಕಡೆಯ ಹೊದಿಕೆಯನ್ನು ಚೆನ್ನಾಗಿ ಮುಚ್ಚುವಷ್ಟು ಉದ್ದದ ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಏರಿಸಿದರೆ ಅದೇ ಆಸರೆ ಸಿಗುತ್ತದೆ. ಹವ್ಯಾಸಿಗಳು ಕೈಪಿಡಿಯಂತೆ ಬಳಸುವ 'ಏರೋಎಲೆಕ್ಟ್ರಿಕ್ ಕನೆಕ್ಷನ್' ಬರೆದ ಬಾಬ್ ನಕಲ್ಸ್ ಕೂಡ ಸರಿಯಾಗಿ ಮಾಡಿದ ಬೆಸುಗೆಯನ್ನು ಬೇಡವೆನ್ನುವವರಲ್ಲ. ಬೆಸುಗೆ ಹಿಡಿಯಲು ಸವರುವ ಫ್ಲಕ್ಸ್‌ಗಳಲ್ಲಿ ಆಸಿಡ್ಡಿನದು ಮಾತ್ರ ಹತ್ತಿರ ಸುಳಿಯಬಾರದು. ರಾಳದ ಫ್ಲಕ್ಸೇ ಸರಿ.

ಹಾಗಿದ್ದರೂ ಹೊಸಬರಿಗೆ ನಾನು ಹೇಳುವುದು ಕ್ರಿಂಪನ್ನೇ. ಬೆಸುಗೆ ಕೈಯ ಅಭ್ಯಾಸವನ್ನು ನಂಬಿದೆ, ಕ್ರಿಂಪ್ ಉಪಕರಣವನ್ನು. ರ‍್ಯಾಚೆಟ್ ಇರುವ ಕ್ರಿಂಪಿಂಗ್ ಇಕ್ಕಳ ಪೂರ್ತಿ ಒತ್ತುವವರೆಗೆ ಬಾಯಿ ಬಿಡುವುದೇ ಇಲ್ಲ. ಆ ಒತ್ತಡಕ್ಕೆ ನಳಿಕೆಯೂ ಎಳೆಗಳೂ ನಡುವೆ ಗಾಳಿಗೂ ಜಾಗವಿಲ್ಲದಂತೆ ಅಂಟಿಕೊಳ್ಳುತ್ತವೆ. ಗಾಳಿ ಹೋಗದ ಕಡೆ ಕಿಲುಬು ಹಿಡಿಯದು. ಸಾದಾ ಇಕ್ಕಳದಲ್ಲಿ ಅಮುಕಿದ್ದು ಹೊರಗಿನಿಂದ ನೋಡಲು ಚೆನ್ನಾಗಿಯೇ ಇರುತ್ತದೆ, ಅದೇ ಅಪಾಯ. 22 ಗೇಜಿನ ಜಾಯಿಂಟ್ ಸುಮಾರು 7 ಕಿಲೋ ಎಳೆತ ತಡೆಯಬೇಕು. ತುಂಡು ತಂತಿಯಲ್ಲಿ ನಾಲ್ಕಾರು ಮಾಡಿ, ಏಳು ಕಿಲೋ ಅಕ್ಕಿಯ ಚೀಲ ತೂಗುಹಾಕಿ ನೋಡಿ, ಆಮೇಲೆ ವಿಮಾನಕ್ಕೆ ಕೈಹಾಕಿ. ನಳಿಕೆಯ ಬಣ್ಣ ತಪ್ಪಿದರೂ ಕೆಲಸ ಕೆಟ್ಟಿತು: ತೆಳು ತಂತಿಗೆ ಕೆಂಪು, 16–14 ಗೇಜಿಗೆ ನೀಲಿ, 12–10ಕ್ಕೆ ಹಳದಿ.

ಕ್ರಿಂಪ್ ಸೋಲುವ ಜಾಗ ಬಾಲದಲ್ಲಿದೆ. ಅಲ್ಲಿ ಹಾರಾಟದ ಸಮತೋಲನ ಹೊಂದಿಸುವ ಟ್ರಿಮ್ ಪಟ್ಟಿಯನ್ನು ಆಡಿಸುವ ಪುಟ್ಟ ಮೋಟಾರಿನಿಂದ ಐದು ತಂತಿಗಳು ಬರುತ್ತವೆ, ಇನ್ನೂ ತೆಳುವಾದ 26 ಗೇಜಿನವು. ಕೆಂಪು ನಳಿಕೆಯೂ ಅವಕ್ಕೆ ಅಣ್ಣನ ಅಂಗಿ ತಮ್ಮನಿಗೆ ತೊಡಿಸಿದಂತೆ. ಎರಡು ತುದಿಗಳನ್ನು ಪಕ್ಕಪಕ್ಕ ಮಲಗಿಸಿ ಬೆಸೆದು, ಕೊಳವೆ ಏರಿಸುವುದೇ ಅಲ್ಲಿ ಸರಿ. ಐದು ಜಾಯಿಂಟುಗಳೂ ಒಂದೇ ಸಾಲಿಗೆ ಬರದಂತೆ ತಂತಿಗಳನ್ನು ಹಿಂದೆ ಮುಂದೆ ಕತ್ತರಿಸಿಕೊಳ್ಳಬೇಕು, ಇಲ್ಲದಿದ್ದರೆ ಕಟ್ಟು ಹೆಬ್ಬಾವು ಇಲಿ ನುಂಗಿದಂತೆ ಉಬ್ಬುತ್ತದೆ. ಅಮೆರಿಕದ ವಿಮಾನಯಾನ ಆಡಳಿತ 1998ರಲ್ಲಿ ಹೊರಡಿಸಿದ ದುರಸ್ತಿ ಕೈಪಿಡಿಯೂ ಜಾಯಿಂಟುಗಳನ್ನು ಹೀಗೆ ಹಿಂದೆ ಮುಂದೆ ಇಡಲು ಹೇಳುತ್ತದೆ; ಎರಡು ಕನೆಕ್ಟರುಗಳ ನಡುವೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಜಾಯಿಂಟ್ ಬೇಡ ಎನ್ನುತ್ತದೆ.

ತಂತಿಯ ವಿಷಯದಲ್ಲಿ ಜಿಪುಣತನ ಬೇಡ. ವಿಮಾನಕ್ಕೆಂದೇ ಬರುವ ಟೆಫ್ಜೆಲ್ ಹೊದಿಕೆ 150 ಡಿಗ್ರಿ ಸೆಲ್ಸಿಯಸ್ ತಾಳುತ್ತದೆ. ಪಿವಿಸಿ ಉರಿದರೆ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ಕಾಕ್‌ಪಿಟ್ಟಿನಲ್ಲಿ ಕಿಟಕಿ ತೆರೆದು ಆಚೆ ಹೋಗಿ ನಿಲ್ಲುವಂತಿಲ್ಲ. ಕಪ್ಪು ಇನ್ಸುಲೇಷನ್ ಟೇಪು ಬಿಸಿಗೆ ಅಂಟು ಬಿಟ್ಟು ಬಿಚ್ಚಿಕೊಳ್ಳುತ್ತದೆ. ಅದನ್ನು ಮನೆಯ ಮೀಟರ್ ಬೋರ್ಡಿಗೇ ಬಿಡಿ.

ಕ್ರಿಂಪೋ ಬೆಸುಗೆಯೋ, ಯಾವುದನ್ನೇ ಆರಿಸಿದರೂ ಜಾಯಿಂಟಿನ ಎರಡೂ ಬದಿಯಲ್ಲಿ ತಂತಿಯನ್ನು ಹತ್ತಿರದಲ್ಲೇ ಬಿಗಿದು ಕಟ್ಟಿ, ಅದು ಕುಣಿಯಬಾರದು. ಎಂಜಿನ್ ಕಡೆಯಲ್ಲಿ ತಂತಿ ಗಿಡ್ಡವಾಯಿತೇ? ಜಾಯಿಂಟ್ ಹಾಕಲು ಹೋಗಬೇಡಿ, ಕಿತ್ತು ಹೊಸದನ್ನೇ ಎಳೆಯಿರಿ.