ಕಾರು ಷೆಡ್ಡಿನಲ್ಲಿ ಅಡಗಿರುವ ಜಾಗ

ಬೆಂಗಳೂರಿನ ಚಾಮರಾಜಪೇಟೆ 1892ರಲ್ಲಿ ಹುಟ್ಟಿದ ಬಡಾವಣೆ. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ತರುವಾಯ ಬೆಳೆದವು. ಅಲ್ಲಿ ಇಂದಿಗೂ ಉಳಿದುಕೊಂಡಿರುವ ಹಳೆಯ ಮನೆಗಳ ಪಕ್ಕದಲ್ಲಿ, ಓಣಿಯಂಥ ದಾರಿಯ ಕೊನೆಗೆ, ಮಂಗಳೂರು ಹೆಂಚು ಹೊದಿಸಿದ ಕಾರು ಷೆಡ್ಡನ್ನು ಕೆಲವೆಡೆ ಕಾಣಬಹುದು. ಒಳಗೆ ಕಾರು ಇರುವುದೂ ಉಂಟು, ಇಲ್ಲದಿರುವುದೂ ಉಂಟು. ಆದರೆ ದಸರಾ ಗೊಂಬೆಗಳ ಪೆಟ್ಟಿಗೆ, ತಾಮ್ರದ ಹಂಡೆ, ಒರಳುಕಲ್ಲು, ತಾತನವರ ಕಾಲದ ಪತ್ರಿಕೆಗಳ ಕಂತೆ, ಇವಿಲ್ಲದ ಷೆಡ್ಡು ಅಪೂರ್ವ. ಮನೆಯವರ ದೂರು ಒಂದೇ: ಜಾಗ ಸಾಲದು. ಈ ದೂರು ನಿಜವೆ? ಅಳೆದು ನೋಡೋಣ.

10 ಅಡಿ ಅಗಲ, 18 ಅಡಿ ಉದ್ದ, ಸರಾಸರಿ 11 ಅಡಿ ಎತ್ತರದ ಷೆಡ್ಡೊಂದನ್ನು ಭಾವಿಸಿಕೊಳ್ಳಿ. ಅದರ ಗಾತ್ರ 1980 ಘನ ಅಡಿ. ಪ್ರೀಮಿಯರ್ ಪದ್ಮಿನಿಯಂಥ ಹಳೆಯ ಕಾರನ್ನು ಪೆಟ್ಟಿಗೆಯಲ್ಲಿಟ್ಟಂತೆ ಅಳೆದರೂ ಅದು ಆಕ್ರಮಿಸುವುದು ಸುಮಾರು 300 ಘನ ಅಡಿ. ಒಟ್ಟು ಗಾತ್ರದ ಆರನೆಯ ಒಂದು ಪಾಲಿಗೂ ಕಡಮೆ! ಇಂದಿನ ಕಾರುಗಳು ತುಸು ಅಗಲವಾದುವಾದರೂ ಲೆಕ್ಕ ಬಹಳ ಬದಲಾಗದು. ತುಂಬಿರುವುದು ನೆಲ ಮಾತ್ರ. ಕಾರಿನ ಬಾನೆಟ್ಟಿನ ಮೇಲೆ, ಹಿಂಗೋಡೆಯ ಉದ್ದಕ್ಕೂ, ಎದೆಮಟ್ಟದಿಂದ ಮೇಲಕ್ಕೆ ಇರುವ ಜಾಗ ಬರಿಯ ಗಾಳಿಗೆ ಮೀಸಲಾಗಿರುತ್ತದೆ. ಅಲ್ಲಿ ಹಲಗೆಗಳನ್ನು ಜೋಡಿಸಬೇಕು.

ಇಲ್ಲಿಂದ ಮುಂದೆ ಬಡಗಿಯ ಕೆಲಸವೆಂದು ಕೈತೊಳೆದುಕೊಳ್ಳುವವರುಂಟು. ಹಲಗೆಯ ಕೆಳಗೆ ನಿಲ್ಲುವವರು ನಾವಾದ್ದರಿಂದ ಭೌತಶಾಸ್ತ್ರವನ್ನು ಒಂದು ಮಾತು ಕೇಳುವುದು ಮೇಲು.

ಒಂದು ಗೋಡೆಯಿಂದ ಎದುರು ಗೋಡೆಯವರೆಗೆ 3 ಮೀಟರು ಅಂತರ ಇರಲಿ. 30 ಸೆಂಟಿಮೀಟರು ಅಗಲ, 2.5 ಸೆಂಟಿಮೀಟರು ದಪ್ಪದ ತೇಗದ ಹಲಗೆಯ ಮೇಲೆ ಮೀಟರಿಗೆ 30 ಕಿಲೋಗ್ರಾಂನಂತೆ ಪುಸ್ತಕಗಳನ್ನು ಇಟ್ಟರೆ ಅದರ ನಡುಭಾಗ ಸುಮಾರು 8 ಸೆಂಟಿಮೀಟರು ಬಾಗುತ್ತದೆ. ಹಲಗೆಯ ದಪ್ಪವನ್ನು ಎರಡರಷ್ಟು ಮಾಡಿದರೆ ಬಾಗು ಎಂಟನೆಯ ಒಂದು ಪಾಲಿಗೆ, ಎಂದರೆ 1 ಸೆಂಟಿಮೀಟರಿಗೆ, ಇಳಿಯುತ್ತದೆ. ಮರದ ಖರ್ಚೂ ಎರಡರಷ್ಟಾಗುತ್ತದೆ. ಅದರ ಬದಲು ಹಲಗೆಯನ್ನು ನಡುವೆ ಕತ್ತರಿಸಿ, ಅಲ್ಲೊಂದು ಕಂಬ ನಿಲ್ಲಿಸಿ, ಎರಡು ತುಂಡುಗಳ ತುದಿಗಳನ್ನೂ ಅದರ ಮೇಲೆ ಕೂರಿಸಿದರೆ? ಬಾಗು ಹದಿನಾರನೆಯ ಒಂದು ಪಾಲು. 5 ಮಿಲಿಮೀಟರು ಮಾತ್ರ! ಸಮನಾಗಿ ಹರಡಿದ ಭಾರದಿಂದಾಗುವ ಬಾಗು ದಪ್ಪದ ಘನಕ್ಕೆ ವಿಲೋಮವಾಗಿಯೂ ಆಧಾರಗಳ ನಡುವಣ ಅಂತರದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿಯೂ ಇರುವುದೇ ಇದಕ್ಕೆ ಕಾರಣ. ಒಂದು ಕಂಬ ಒಂದು ಹಲಗೆಗಿಂತ ಅಗ್ಗವೆಂದು ಬೇರೆ ಹೇಳಬೇಕಾಗಿಲ್ಲ.

ಆದರೆ ನಮ್ಮ ಊರಿನಲ್ಲಿ ಮರಕ್ಕಿಂತ ಕಡಪ ಕಲ್ಲಿನ ಚಪ್ಪಡಿಯ ಮೇಲೆ ಮೋಹ ಹೆಚ್ಚು. ಗೆದ್ದಲು ಹಿಡಿಯದು, ಬಾಗಿದಂತೆ ಕಾಣದು. ಕಾಣದಿರುವುದೇ ಅಪಾಯ. ಕಲ್ಲು ಅದುಮುವ ಬಲವನ್ನು ಚೆನ್ನಾಗಿ ತಡೆದೀತು. ಎಳೆಯುವ ಬಲವನ್ನು ತಡೆಯುವ ಶಕ್ತಿ ಅದಕ್ಕೆ ಬಹು ಕಡಮೆ. ಎರಡು ತುದಿಗಳಲ್ಲಿ ಕೂತ ಚಪ್ಪಡಿಯ ಕೆಳಮೈ ಎಳೆತಕ್ಕೆ ಒಳಗಾಗಿರುತ್ತದೆ. ಮರ ಬಾಗಿ ಎಚ್ಚರಿಕೆ ಕೊಡುತ್ತದೆ. ಕಲ್ಲು ಎಚ್ಚರಿಕೆಯಿಲ್ಲದೆ ಮುರಿಯುತ್ತದೆ.

ಹಾಗಾದರೆ ಉದ್ದನೆಯ ಚಪ್ಪಡಿಯ ನಡುವೆಯೂ ಒಂದು ಕಂಬ ಕೊಟ್ಟರಾಯಿತಲ್ಲ ಎಂದು ನೀವು ಕೇಳಬಹುದು. ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ ‘ಎರಡು ನೂತನ ವಿಜ್ಞಾನಗಳು’ ಗ್ರಂಥದಲ್ಲಿ ಇದಕ್ಕೆ ಉತ್ತರವಿದೆ. ಅಮೃತಶಿಲೆಯ ಕಂಬವೊಂದನ್ನು ಎರಡು ತೊಲೆಗಳ ಮೇಲೆ ಮಲಗಿಸಿದ್ದರು. ಅದು ಮುರಿದೀತೆಂದು ಹೆದರಿ ಒಬ್ಬ ಕೆಲಸಗಾರ ನಡುವೆ ಮೂರನೆಯ ಆಧಾರ ಕೊಡಿಸಿದ. ಕೆಲವು ತಿಂಗಳ ಮೇಲೆ ನೋಡಿದರೆ ಕಂಬ ಸರಿಯಾಗಿ ಆ ಹೊಸ ಆಧಾರದ ಮೇಲೆಯೇ ಒಡೆದಿತ್ತು! ತುದಿಯ ತೊಲೆಯೊಂದು ಕೊಳೆತು ಕುಸಿದಿತ್ತು. ಅತ್ತಣ ಭಾಗ ಗಾಳಿಯಲ್ಲಿ ಚಾಚಿಕೊಂಡು, ಎಳೆತ ಈಗ ಮೇಲ್ಮೈಗೆ ಬಂದಿತ್ತು. ನಮ್ಮ ಷೆಡ್ಡುಗಳ ನೆಲ ಎಲ್ಲೆಡೆಯೂ ಒಂದೇ ಸಮನಾಗಿ ಕುಸಿಯುವುದಿಲ್ಲ. ಆದ್ದರಿಂದ ಕಲ್ಲನ್ನು ಬಳಸಲೇಬೇಕಾದರೆ ನಡುಗಂಬದ ಮೇಲೆ ಸಂಧಿಸುವ ಎರಡು ಬೇರೆ ಬೇರೆ ತುಂಡುಗಳೇ ಆಗಲಿ. ಒಂದು ಆಧಾರ ತುಸು ಇಳಿದರೆ ತುಂಡು ಓರೆಯಾಗುತ್ತದೆ, ಅಷ್ಟೆ.

ಹೆಂಚಿನ ಛಾವಣಿಯ ಜಂತಿಗಳಿಗೆ ಹಂಡೆ ಮೂಟೆಗಳನ್ನು ತೂಗುಹಾಕುವ ಅಭ್ಯಾಸ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಆ ಮರ ಹೆಂಚಿಗೆಂದು ಇಟ್ಟದ್ದು. ಮಳೆಗಾಲದಲ್ಲಿ ನೀರು ಹೀರಿದ ಹೆಂಚಿನ ತೂಕವೂ ಹೆಚ್ಚುತ್ತದೆ. ಹರಡಿದ ಭಾರಕ್ಕಿಂತ ನಡುವೆ ಒಂದೇ ಕಡೆ ತೂಗುವ ಅದೇ ಭಾರ ಜಂತಿಯನ್ನು ಎರಡರಷ್ಟು ಶ್ರಮಕ್ಕೆ ಗುರಿಮಾಡುತ್ತದೆ. ಹಗುರವಾದ, ವರ್ಷಕ್ಕೊಮ್ಮೆ ಮಾತ್ರ ಬೇಕಾಗುವ ಗೊಂಬೆಗಳಿಗೆ ಮೇಲಿನ ಹಲಗೆ. ಒರಳಿಗೆ ನೆಲವೇ ಸರಿ. ನೆಲದ ತೇವ ಇಟ್ಟಿಗೆಯ ಸೂಕ್ಷ್ಮರಂಧ್ರಗಳಲ್ಲಿ ಮೇಲೇರುವುದರಿಂದ ಕಾಗದವನ್ನು ನೆಲಕ್ಕೂ ಗೋಡೆಗೂ ತಾಗಿಸಬಾರದು.

ಜಾಗದ ಆಸೆಯಲ್ಲಿ ಗವಾಕ್ಷಿಗಳನ್ನು ಮುಚ್ಚುವವರೂ ಇದ್ದಾರೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಡುತ್ತದೆ. ಇನ್ವರ್ಟರಿನ ಸೀಸ-ಆಮ್ಲ ಬ್ಯಾಟರಿಯನ್ನು ಅಲ್ಲಿಯೇ ಇಟ್ಟಿದ್ದರೆ, ವಿದ್ಯುತ್ತು ತುಂಬುವಾಗ ಹೊರಡುವ ಜಲಜನಕ ಮೇಲಕ್ಕೇರಿ ಅಟ್ಟದಡಿಯಲ್ಲಿ ಸೇರುತ್ತದೆ. ಎರಡೂ ಕಿಡಿಗಾಗಿ ಕಾದಿರುವ ವಸ್ತುಗಳು. ಆದ್ದರಿಂದ ಬಾಗಿಲಿನ ಕೆಳಗಿನ ಸಂದೂ ಗೋಡೆಯ ಮೇಲಿನ ಗವಾಕ್ಷಿಯೂ ತೆರೆದೇ ಇರಬೇಕು.

ಹಲಗೆ ಜೋಡಿಸಿ ಸಾಮಾನು ಏರಿಸಿದ ದಿನವೇ ಅದರ ಅಡಿಯಲ್ಲಿ, ಅಕ್ಕಪಕ್ಕದ ಎರಡು ಆಧಾರಗಳ ನಡುವೆ, ದಾರವೊಂದನ್ನು ಬಿಗಿಯಾಗಿ ಹಿಡಿದು ನಡುಭಾಗ ದಾರದ ಮಟ್ಟದಿಂದ ಎಷ್ಟು ಇಳಿದಿದೆಯೆಂದು ಅಳೆದು ಗೋಡೆಯ ಮೇಲೆ ಬರೆದಿಡಿ. ಮರ ಒಂದೇ ಭಾರದಡಿಯಲ್ಲಿಯೂ ತಿಂಗಳುಗಟ್ಟಲೆ ನಿಧಾನವಾಗಿ ಬಾಗುತ್ತಲೇ ಇರುತ್ತದೆ. ಮಳೆಗಾಲ ಕಳೆದ ಮೇಲೆ ಮತ್ತೊಮ್ಮೆ ಅಳೆಯಿರಿ. ಅಂಕೆ ಇನ್ನೂ ಏರುತ್ತಿದ್ದರೆ ಭಾರ ಇಳಿಸಿ, ಇಲ್ಲವೆ ಇನ್ನೊಂದು ಕಂಬ ಕೊಡಿ.