ಸಂಬಳದ ಬಜೆಟ್ ಮೂರನೇ ಒಂದು ಭಾಗ, ಗೆಲುವು ಮಾತ್ರ ಸಮ ಸಮ: ಓಕ್ಲೆಂಡ್ ಬೇಸ್‌ಬಾಲ್ ತಂಡದ 2002ರ ಲೆಕ್ಕಾಚಾರ

ದುಡ್ಡೇ ದೊಡ್ಡಪ್ಪ ಅಂತಾರೆ. ರಸ್ತೆಯ ಆ ಕಡೆ ದೊಡ್ಡ ಸೂಪರ್ ಮಾರ್ಕೆಟ್ ಬಾಗಿಲು ತೆರೆದ ದಿನ ಈ ಕಡೆಯ ಕಿರಾಣಿ ಅಂಗಡಿಯವರಿಗೆ ಮೊದಲು ನೆನಪಾಗೋದೇ ಈ ಮಾತು. ಅವರ ಬಂಡವಾಳ ಎಲ್ಲಿ, ನಮ್ಮದೆಲ್ಲಿ? ಅವರ ಜೊತೆ ಪೈಪೋಟಿ ಮಾಡೋದಾದ್ರೂ ಹೇಗೆ?

ಇದೇ ಪ್ರಶ್ನೆ 2002ರಲ್ಲಿ ಅಮೆರಿಕದ ಒಂದು ಬೇಸ್‌ಬಾಲ್ ತಂಡದ ಮುಂದೆ ಇತ್ತು. ಕ್ಯಾಲಿಫೋರ್ನಿಯಾ ರಾಜ್ಯದ ಓಕ್ಲೆಂಡ್ ಊರಿನ ಆ ತಂಡದ ಹೆಸರು ಓಕ್ಲೆಂಡ್ ಅಥ್ಲೆಟಿಕ್ಸ್. ಆ ವರ್ಷ ಆಟಗಾರರ ಸಂಬಳಕ್ಕೆ ತಂಡ ಇಟ್ಟಿದ್ದು ಸುಮಾರು 4 ಕೋಟಿ ಡಾಲರ್. ನ್ಯೂಯಾರ್ಕ್ ಯಾಂಕೀಸ್ ಅನ್ನೋ ಶ್ರೀಮಂತ ತಂಡ ಇಟ್ಟಿದ್ದು ಸುಮಾರು 12.5 ಕೋಟಿ ಡಾಲರ್. ಆಗಿನ ರೂಪಾಯಿ ಲೆಕ್ಕದಲ್ಲಿ ಒಬ್ಬರದ್ದು 200 ಕೋಟಿ ಹತ್ತಿರ, ಇನ್ನೊಬ್ಬರದ್ದು 600 ಕೋಟಿ ಹತ್ತಿರ.

ಸೀಸನ್ ಮುಗಿದಾಗ ಯಾಂಕೀಸ್ ಗೆದ್ದಿದ್ದು 103 ಪಂದ್ಯ. ಓಕ್ಲೆಂಡ್ ಗೆದ್ದಿದ್ದೂ 103 ಪಂದ್ಯ. ಅದರಲ್ಲಿ 20 ಪಂದ್ಯ ಒಂದರ ಹಿಂದೆ ಒಂದು, ಸತತವಾಗಿ. ಒಂದು ಗೆಲುವಿಗೆ ಯಾಂಕೀಸ್‌ಗೆ ಬಿದ್ದ ಖರ್ಚು ಸುಮಾರು 6 ಕೋಟಿ ರೂಪಾಯಿ. ಓಕ್ಲೆಂಡ್‌ಗೆ ಬಿದ್ದಿದ್ದು 2 ಕೋಟಿಗೂ ಸ್ವಲ್ಪ ಕಮ್ಮಿ. ಹೇಗಾಯ್ತು ಇದು?

ಮೊದಲು ಆಟ ಅರ್ಥ ಮಾಡ್ಕೊಳ್ಳೋಣ

ಬೇಸ್‌ಬಾಲ್ ನಮ್ಮ ಕ್ರಿಕೆಟ್‌ನ ದೂರದ ನೆಂಟ ಇದ್ದ ಹಾಗೆ. ಒಂದು ತಂಡಕ್ಕೆ 9 ಜನ, ಒಂದು ಪಂದ್ಯಕ್ಕೆ 9 ಇನಿಂಗ್ಸ್. ಒಂದು ಇನಿಂಗ್ಸ್‌ನಲ್ಲಿ ಮೂರು ಜನ ಔಟಾದ್ರೆ ಬ್ಯಾಟಿಂಗ್ ಮುಗೀತು, ಎದುರಾಳಿ ಬ್ಯಾಟ್ ಹಿಡೀತಾರೆ. ಮೈದಾನದಲ್ಲಿ ಚೌಕಾಕಾರವಾಗಿ ನಾಲ್ಕು ಬೇಸ್ ಇರುತ್ತವೆ. ಬ್ಯಾಟ್ಸ್‌ಮನ್ ಚೆಂಡು ಹೊಡೆದು ಓಡಿ, ಒಂದೊಂದೇ ಬೇಸ್ ದಾಟಿ, ಹೊರಟ ಜಾಗಕ್ಕೆ ವಾಪಸ್ ಬಂದ್ರೆ ಒಂದು ರನ್. ಚೆಂಡು ಬೇಲಿ ದಾಟಿ ಹೊರಗೆ ಬಿದ್ರೆ ಅದು ಹೋಮ್ ರನ್, ನಮ್ಮ ಸಿಕ್ಸರ್ ತರಹ.

ಚೆಂಡು ಎಸೆಯುವವನಿಗೆ ಪಿಚರ್ ಅಂತಾರೆ. ಅವನು ಬ್ಯಾಟ್ಸ್‌ಮನ್‌ಗೆ ಎಟುಕದ ಹಾಗೆ, ನಿಗದಿ ಜಾಗದ ಹೊರಗೆ ನಾಲ್ಕು ಸಲ ಎಸೆದ್ರೆ, ಬ್ಯಾಟ್ಸ್‌ಮನ್ ಏನೂ ಹೊಡೆಯದೆ ಆರಾಮಾಗಿ ನಡ್ಕೊಂಡು ಮೊದಲ ಬೇಸ್‌ಗೆ ಹೋಗಬಹುದು. ಇದಕ್ಕೆ 'ವಾಕ್' ಅಂತ ಹೆಸರು. ಈ ಪದ ನೆನಪಿಟ್ಕೊಳ್ಳಿ, ಇಡೀ ಕಥೆ ನಿಂತಿರೋದು ಇದರ ಮೇಲೇ.

ಇನ್ನೊಂದು ವಿಷಯ. ಐಪಿಎಲ್‌ನಲ್ಲಿ ಎಲ್ಲ ತಂಡಕ್ಕೂ ಹರಾಜಿನ ಪರ್ಸ್ ಒಂದೇ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಆ ತರಹದ ಗಟ್ಟಿ ಮಿತಿ ಇಲ್ಲ. ದುಡ್ಡಿದ್ದವರು ಎಷ್ಟು ಬೇಕಾದ್ರೂ ಸುರಿಯಬಹುದು. ಒಂದು ತಂಡಕ್ಕೆ ಸೀಸನ್ನಿಗೆ 162 ಪಂದ್ಯ, ಹೆಚ್ಚುಕಮ್ಮಿ ದಿನಾ ಒಂದು ಮ್ಯಾಚ್.

ಒಂದೇ ಚಳಿಗಾಲದಲ್ಲಿ ಮೂವರು ಹೋದರು

2001ರಲ್ಲಿ ಓಕ್ಲೆಂಡ್ ಚೆನ್ನಾಗೇ ಆಡಿತ್ತು, 102 ಪಂದ್ಯ ಗೆದ್ದಿತ್ತು. ಆದ್ರೆ ಪ್ಲೇಆಫ್‌ನಲ್ಲಿ ಇದೇ ಯಾಂಕೀಸ್ ವಿರುದ್ಧ ಮೊದಲ ಎರಡು ಪಂದ್ಯ ಗೆದ್ದು, ಆಮೇಲಿನ ಮೂರೂ ಸೋತು ಮನೆಗೆ ಬಂತು. ಆ ಗಾಯ ಆರೋ ಮುಂಚೆ ಬರೆ ಬಿತ್ತು. ತಂಡದ ದೊಡ್ಡ ಬ್ಯಾಟ್ಸ್‌ಮನ್ ಜೇಸನ್ ಜಿಯಾಂಬಿಯನ್ನ ಯಾಂಕೀಸ್ 7 ವರ್ಷಕ್ಕೆ 12 ಕೋಟಿ ಡಾಲರ್ ಕೊಟ್ಟು ಕರ್ಕೊಂಡು ಹೋಯ್ತು. ಅಂದ್ರೆ ಓಕ್ಲೆಂಡ್‌ನ ಮೂರು ವರ್ಷದ ಪೂರ್ತಿ ಸಂಬಳ ಬಜೆಟ್ ಒಬ್ಬನಿಗೇ ಸರಿ! ಜಾನಿ ಡೇಮನ್ ಬಾಸ್ಟನ್ ತಂಡಕ್ಕೆ ಹೋದ. ಪಂದ್ಯದ ಕೊನೆಯಲ್ಲಿ ಬಂದು ಗೆಲುವು ಕಾಯುತ್ತಿದ್ದ ಪಿಚರ್ ಜೇಸನ್ ಇಸ್ರಿಂಗ್‌ಹೌಸನ್ ಸೇಂಟ್ ಲೂಯಿಸ್‌ಗೆ ಹೋದ.

ತಂಡದ ಜನರಲ್ ಮ್ಯಾನೇಜರ್ ಬಿಲ್ಲಿ ಬೀನ್. ಆಟಗಾರರನ್ನ ಕೊಳ್ಳೋದು, ಬಿಡೋದು ಅವರ ಕೆಲಸ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು, ಹಾಸಿಗೆ ನೋಡಿದ್ರೆ ಚಿಕ್ಕದು. ಇನ್ನೊಬ್ಬ ಜಿಯಾಂಬಿಯನ್ನ ಕೊಳ್ಳೋ ಮಾತೇ ಇಲ್ಲ.

ಸಂತೆಯಲ್ಲಿ ಬೆಲೆ ಇಲ್ಲದ ಮಾಲು ಯಾವುದು?

ಬೀನ್ ಮತ್ತು ಅವರ ಸಹಾಯಕ ಪಾಲ್ ಡಿಪೊಡೆಸ್ಟಾ ಹುಡುಕಿದ್ದು ಇದನ್ನೇ. ಡಿಪೊಡೆಸ್ಟಾ ಹಾರ್ವರ್ಡ್‌ನಲ್ಲಿ ಅರ್ಥಶಾಸ್ತ್ರ ಓದಿದವರು. ಅಲ್ಲಿ ಎಲ್ಲರೂ ಬ್ಯಾಟ್ಸ್‌ಮನ್‌ಗೆ ಬೆಲೆ ಕಟ್ತಾ ಇದ್ದಿದ್ದು ಬ್ಯಾಟಿಂಗ್ ಸರಾಸರಿ, ಹೋಮ್ ರನ್, ಓಟದ ವೇಗ, ಮೈಕಟ್ಟು ನೋಡಿ. ಆ ಸರಾಸರಿಯಲ್ಲಿ ವಾಕ್ ಲೆಕ್ಕಕ್ಕೇ ಇಲ್ಲ. ಕ್ರಿಕೆಟ್‌ನಲ್ಲಿ ವೈಡ್ ಬಾಲ್ ಬಿಟ್ಟವನ ಖಾತೆಗೆ ರನ್ ಬರಲ್ಲ, ಎಕ್ಸ್‌ಟ್ರಾಗೆ ಹೋಗುತ್ತೆ. ಹಾಗೇ ಇದೂ.

ಒಂದು ಸರಳ ಲೆಕ್ಕ ನೋಡಿ. ಇಬ್ಬರು ಬ್ಯಾಟ್ಸ್‌ಮನ್, ತಲಾ 100 ಸಲ ಆಡಲು ಬಂದರು ಅಂದ್ಕೊಳ್ಳಿ. ಮೊದಲನೆಯವನು ಹೊಡೆದು ಬೇಸ್ ಸೇರಿದ್ದು 30 ಸಲ, ವಾಕ್ ಸಿಕ್ಕಿದ್ದು 2 ಸಲ. ಎರಡನೆಯವನು ಹೊಡೆದು ಸೇರಿದ್ದು 25 ಸಲ, ವಾಕ್ ಸಿಕ್ಕಿದ್ದು 13 ಸಲ. ಸಂತೆಯಲ್ಲಿ ಮೊದಲನೆಯವನಿಗೇ ಜಾಸ್ತಿ ಬೆಲೆ. ಆದ್ರೆ ಔಟ್ ಲೆಕ್ಕ ಹಾಕಿ. ಮೊದಲನೆಯವನು 68 ಸಲ ಔಟ್, ಎರಡನೆಯವನು 62 ಸಲ ಮಾತ್ರ.

ಒಂದು ಪಂದ್ಯದಲ್ಲಿ ಒಂದು ತಂಡಕ್ಕೆ ಇರೋದು 27 ಔಟ್. ಅದೇ ಅವತ್ತಿನ ಬಂಡವಾಳ. ಅದನ್ನ ನಿಧಾನಕ್ಕೆ ಖರ್ಚು ಮಾಡೋನು ತಂಡಕ್ಕೆ ಲಾಭ ತರ್ತಾನೆ. ಹೀಗಾಗಿ ಓಕ್ಲೆಂಡ್ ನೋಡಿದ್ದು ಒಂದೇ: ಇವನು 100 ಸಲದಲ್ಲಿ ಎಷ್ಟು ಸಲ ಔಟಾಗದೆ ಬೇಸ್ ಸೇರ್ತಾನೆ?

ಇದು ಬೀನ್ ಕಂಡುಹಿಡಿದದ್ದೇನಲ್ಲ. ಕ್ಯಾನ್ಸಾಸ್ ರಾಜ್ಯದ ಒಂದು ಆಹಾರ ಡಬ್ಬಿ ಕಾರ್ಖಾನೆಯಲ್ಲಿ ರಾತ್ರಿ ಕಾವಲು ಕೆಲಸ ಮಾಡ್ತಿದ್ದ ಬಿಲ್ ಜೇಮ್ಸ್ ಅನ್ನೋರು 1977ರಿಂದಲೇ ಇಂಥ ಲೆಕ್ಕಗಳ ಪುಸ್ತಕ ಬರೆದು ಮಾರ್ತಾ ಇದ್ದರು. ಓದುಗರು ಮೆಚ್ಚಿದರು, ತಂಡದ ಯಜಮಾನರು ಬಹುತೇಕ ಕಿವಿಗೆ ಹಾಕ್ಕೊಳ್ಳಲಿಲ್ಲ. ಓಕ್ಲೆಂಡ್‌ನಲ್ಲಿ ಬೀನ್‌ಗಿಂತ ಮುಂಚೆ ಇದ್ದ ಸ್ಯಾಂಡಿ ಆಲ್ಡರ್ಸನ್ ಈ ದಾರಿ ಹಿಡಿದಿದ್ದರು, ಬೀನ್ ಅದನ್ನ ಗಟ್ಟಿ ಮಾಡಿದರು.

ಬೀನ್‌ಗೆ ಇದರಲ್ಲಿ ಸ್ವಂತ ಅನುಭವವೂ ಇತ್ತು. 1980ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡ ಮೊದಲ ಸುತ್ತಿನಲ್ಲೇ ಆರಿಸಿಕೊಂಡಿದ್ದ ಹುಡುಗ ಅವರು. ಎತ್ತರ, ವೇಗ, ಮೈಕಟ್ಟು ಎಲ್ಲ ಇತ್ತು. ದೊಡ್ಡ ಸ್ಟಾರ್ ಆಗ್ತಾನೆ ಅಂದ್ಕೊಂಡಿದ್ರು. ಆಗಲಿಲ್ಲ. ನೋಟಕ್ಕೆ ಚೆಂದ ಇದ್ದ ಮಾಲು ತೂಕಕ್ಕೆ ಬರಲಿಲ್ಲ ಅನ್ನೋದಕ್ಕೆ ಅವರೇ ಉದಾಹರಣೆ.

ಮೂಲೆಗೆ ಬಿದ್ದಿದ್ದ ಹ್ಯಾಟ್‌ಬರ್ಗ್

ಸ್ಕಾಟ್ ಹ್ಯಾಟ್‌ಬರ್ಗ್ ಬಾಸ್ಟನ್‌ನಲ್ಲಿ ಕ್ಯಾಚರ್ ಆಗಿದ್ದವನು, ಅಂದ್ರೆ ನಮ್ಮ ವಿಕೆಟ್ ಕೀಪರ್ ತರಹ. ಮೊಣಕೈ ನರಕ್ಕೆ ಪೆಟ್ಟಾಗಿ ಚೆಂಡು ಸರಿಯಾಗಿ ಎಸೆಯೋಕೆ ಆಗ್ತಿರಲಿಲ್ಲ. ಬೇರೆಯವರು ಕೈಬಿಟ್ಟರು. ಆದ್ರೆ ಅವನು ಕೆಟ್ಟ ಚೆಂಡಿಗೆ ಬ್ಯಾಟ್ ಬೀಸ್ತಿರಲಿಲ್ಲ, ತಾಳ್ಮೆಯಿಂದ ಬಿಡ್ತಿದ್ದ. ಓಕ್ಲೆಂಡ್ ಅವನನ್ನ 10 ಲಕ್ಷ ಡಾಲರ್‌ಗಿಂತ ಕಮ್ಮಿ ಸಂಬಳಕ್ಕೆ ತಗೊಂಡು, ಯಾವತ್ತೂ ಆಡದ ಮೊದಲ ಬೇಸ್ ಜಾಗದಲ್ಲಿ ನಿಲ್ಲಿಸಿತು. ಆ ಸೀಸನ್ ಅವನು ನೂರಕ್ಕೆ 37 ಸಲ ಬೇಸ್ ಸೇರಿದ.

ಚಾಡ್ ಬ್ರಾಡ್‌ಫೋರ್ಡ್ ಅನ್ನೋ ಪಿಚರ್ ಕೈ ನೆಲಕ್ಕೆ ತಾಗುತ್ತೇನೋ ಅನ್ನೋ ಹಾಗೆ ಬಗ್ಗಿ ಕೆಳಗಿಂದ ಎಸೀತಿದ್ದ. ನೋಡೋಕೆ ವಿಚಿತ್ರ, ಆದ್ರೆ ಬ್ಯಾಟ್ಸ್‌ಮನ್ ಔಟಾಗ್ತಿದ್ದರು. ಡೇವಿಡ್ ಜಸ್ಟಿಸ್‌ಗೆ 36 ವಯಸ್ಸು, ಕಾಲಲ್ಲಿ ಓಟ ಇಳಿದಿತ್ತು, ಕಣ್ಣು ಮಾತ್ರ ಚುರುಕಾಗಿತ್ತು. ಇಂಥವರೇ ಬಂದರು.

ಶುರುವಲ್ಲಿ ಸೋಲು, ಆಗಸ್ಟ್‌ನಲ್ಲಿ ಬಿರುಗಾಳಿ

ಶುರುವಲ್ಲಿ ಎಡವಿದರು. ಮೇ ತಿಂಗಳ ಕೊನೆ ವಾರದ ಹೊತ್ತಿಗೆ 20 ಗೆಲುವು, 26 ಸೋಲು. ಆಮೇಲೆ ನಿಧಾನಕ್ಕೆ ಚೇತರಿಸಿಕೊಂಡರು. ಆಗಸ್ಟ್ 13ರಿಂದ ಶುರುವಾದ ಗೆಲುವಿನ ಸಾಲು ನಿಲ್ಲಲೇ ಇಲ್ಲ. 18ನೇ ಮತ್ತು 19ನೇ ಗೆಲುವು ಬಂದಿದ್ದು ಕೊನೆ ಇನಿಂಗ್ಸ್‌ನಲ್ಲಿ, ಎರಡೂ ಸಲ ಮಿಗೆಲ್ ತೆಹಾಡಾ ಬ್ಯಾಟಿನಿಂದ.

ಸೆಪ್ಟೆಂಬರ್ 4, ಕ್ಯಾನ್ಸಾಸ್ ಸಿಟಿ ರಾಯಲ್ಸ್ ವಿರುದ್ಧ 20ನೇ ಪಂದ್ಯ. ಮೈದಾನದಲ್ಲಿ 55 ಸಾವಿರಕ್ಕೂ ಹೆಚ್ಚು ಜನ. ಮೂರು ಇನಿಂಗ್ಸ್ ಮುಗಿಯೋ ಹೊತ್ತಿಗೆ ಓಕ್ಲೆಂಡ್ 11, ರಾಯಲ್ಸ್ 0. ಮುಗೀತು ಅಂತ ಎಲ್ಲರೂ ಅಂದ್ಕೊಂಡರು. ನಾಲ್ಕನೇ ಇನಿಂಗ್ಸ್‌ನಲ್ಲಿ ರಾಯಲ್ಸ್ 5 ರನ್ ಹೊಡೀತು, ಎಂಟರಲ್ಲಿ ಮತ್ತೆ 5, ಒಂಬತ್ತರಲ್ಲಿ ಒಂದು. 11-11!

ಕೊನೆ ಸರದಿಯಲ್ಲಿ ಓಕ್ಲೆಂಡ್ ಬದಲಿ ಬ್ಯಾಟ್ಸ್‌ಮನ್ ಆಗಿ ಕಳಿಸಿದ್ದು ಹ್ಯಾಟ್‌ಬರ್ಗ್‌ನ. ಅವನು ಹೊಡೆದ ಚೆಂಡು ಬೇಲಿ ದಾಟಿತು. 12-11. ಅಮೆರಿಕನ್ ಲೀಗ್‌ನಲ್ಲಿ ಅದುವರೆಗೆ ಯಾರೂ ಸತತ 20 ಗೆದ್ದಿರಲಿಲ್ಲ. ಎರಡು ದಿನ ಬಿಟ್ಟು ಮಿನ್ನೆಸೋಟಾದಲ್ಲಿ 6-0 ಸೋಲಿನೊಂದಿಗೆ ಸಾಲು ನಿಂತಿತು. 2017ರಲ್ಲಿ ಕ್ಲೀವ್‌ಲ್ಯಾಂಡ್ ತಂಡ ಸತತ 22 ಗೆದ್ದು ಈ ದಾಖಲೆ ಮುರಿಯಿತು.

ಹಾಗಾದ್ರೆ ಕಪ್ ಬಂತಾ?

ಇಲ್ಲ. ಪ್ಲೇಆಫ್‌ನ ಮೊದಲ ಹಂತದಲ್ಲೇ ಅದೇ ಮಿನ್ನೆಸೋಟಾ ವಿರುದ್ಧ 3-2ರಿಂದ ಸೋತರು. ಐದನೇ ಪಂದ್ಯ ಹೋಗಿದ್ದು ಒಂದೇ ರನ್‌ನಲ್ಲಿ, 5-4. ಲೆಕ್ಕಾಚಾರ ಮಾಡಿದವನಿಗೆ 162 ಪಂದ್ಯದಲ್ಲಿ ಫಲ ಸಿಗುತ್ತೆ, ಐದು ಪಂದ್ಯದಲ್ಲಿ ಅದೃಷ್ಟದ ಪಾಲು ದೊಡ್ಡದು. ವರ್ಷದ ವ್ಯಾಪಾರ ಬೇರೆ, ಜಾತ್ರೆ ಮೂರು ದಿನದ ವ್ಯಾಪಾರ ಬೇರೆ ಅನ್ನೋದು ಅಂಗಡಿಯವರಿಗೆ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಈ ಕಥೆ ಮೇಲೆ 2003ರಲ್ಲಿ ಮೈಕಲ್ ಲೂಯಿಸ್ ಬರೆದ 'ಮನಿಬಾಲ್' ಪುಸ್ತಕ ಬಂತು, 2011ರಲ್ಲಿ ಬ್ರಾಡ್ ಪಿಟ್ ನಟಿಸಿದ ಸಿನಿಮಾ ಬಂತು. ಸಿನಿಮಾ ನೋಡಿದವರಿಗೆ ಅಗ್ಗದ ಆಟಗಾರರಿಂದಲೇ ಎಲ್ಲ ಗೆದ್ದರು ಅನ್ನಿಸುತ್ತೆ. ನಿಜ ಏನಂದ್ರೆ 2001ರಲ್ಲಿ 884 ರನ್ ಹೊಡೆದಿದ್ದ ತಂಡ 2002ರಲ್ಲಿ ಹೊಡೆದಿದ್ದು 800. ಜಿಯಾಂಬಿ ಹೋದ ನಷ್ಟ ಪೂರ್ತಿ ತುಂಬಲಿಲ್ಲ. ತಂಡವನ್ನ ಹೊತ್ತಿದ್ದು ಮೂವರು ಯುವ ಪಿಚರ್‌ಗಳು: ಬ್ಯಾರಿ ಝೀಟೊ 23 ಗೆಲುವು, ಮಾರ್ಕ್ ಮುಲ್ಡರ್ 19, ಟಿಮ್ ಹಡ್ಸನ್ 15. ಒಟ್ಟು 103ರಲ್ಲಿ 57 ಇವರದ್ದೇ. ಝೀಟೊಗೆ ಲೀಗ್‌ನ ಶ್ರೇಷ್ಠ ಪಿಚರ್ ಪ್ರಶಸ್ತಿ, ತೆಹಾಡಾಗೆ ಶ್ರೇಷ್ಠ ಆಟಗಾರ ಪ್ರಶಸ್ತಿ ಬಂತು.

ಇವರೆಲ್ಲ ಓಕ್ಲೆಂಡ್ ತಾನೇ ಎಳೆಯದರಲ್ಲಿ ಆರಿಸಿ ಬೆಳೆಸಿದವರು. ಅಲ್ಲಿನ ನಿಯಮದ ಪ್ರಕಾರ ದೊಡ್ಡ ಲೀಗ್‌ಗೆ ಬಂದ ಆಟಗಾರ ಆರು ವರ್ಷ ತನ್ನಿಷ್ಟಕ್ಕೆ ಬೇರೆ ತಂಡ ಸೇರೋ ಹಾಗಿಲ್ಲ, ಮೊದಲ ವರ್ಷಗಳಲ್ಲಿ ಸಂಬಳವೂ ಕಮ್ಮಿ. ಅಗ್ಗಕ್ಕೆ ಕೊಂಡಿದ್ದು ಅರ್ಧ ಕಥೆ, ಮನೆಯಲ್ಲೇ ಬೆಳೆಸಿದ್ದು ಇನ್ನರ್ಧ.

ಗುಟ್ಟು ಎಷ್ಟು ದಿನ ಗುಟ್ಟು?

ಒಂದು ಅಂಗಡಿಯಲ್ಲಿ ಹೊಸ ಮಾಲು ಓಡಿದ್ರೆ ಮುಂದಿನ ವಾರ ಎದುರು ಅಂಗಡಿಯಲ್ಲೂ ಅದೇ ತೂಗಾಡುತ್ತೆ. ಇಲ್ಲೂ ಅದೇ ಆಯ್ತು. 2002ರ ಕೊನೆಗೆ ಬಾಸ್ಟನ್ ರೆಡ್ ಸಾಕ್ಸ್ ತಂಡ ಬೀನ್‌ರನ್ನೇ ಕರೆಯಿತು. ಅವರು ಹೋಗಲಿಲ್ಲ. ಆದ್ರೆ ಅದೇ ಬಾಸ್ಟನ್ ಬಿಲ್ ಜೇಮ್ಸ್‌ರನ್ನ ಕೆಲಸಕ್ಕೆ ತಗೊಂಡಿತು. ಲೆಕ್ಕವೂ ಇತ್ತು, ದುಡ್ಡೂ ಇತ್ತು. 2004ರಲ್ಲಿ 86 ವರ್ಷದ ನಂತರ ಕಪ್ ಗೆದ್ದಿತು. ಎಲ್ಲರೂ ವಾಕ್ ಲೆಕ್ಕ ಹಾಕೋಕೆ ಶುರು ಮಾಡಿದ ಮೇಲೆ ಅಂಥ ಆಟಗಾರರ ಬೆಲೆಯೂ ಏರಿತು. ಓಕ್ಲೆಂಡ್‌ಗೆ ಇದ್ದ ಅನುಕೂಲ ಕರಗಿತು.

ಓಕ್ಲೆಂಡ್ ಊರಿಗೆ ಈಗ ಆ ತಂಡವೇ ಇಲ್ಲ. ಹಳೇ ಮೈದಾನದ ಬದಲು ಹೊಸದು ಕಟ್ಟುವ ಮಾತುಕತೆ ವರ್ಷಗಟ್ಟಲೆ ನಡೆದು ಮುರಿದುಬಿತ್ತು. ಮಾಲೀಕರು ಲಾಸ್ ವೇಗಸ್ ಕಡೆ ಮುಖ ಮಾಡಿದರು. 2024ರ ಸೆಪ್ಟೆಂಬರ್ 26ರಂದು ಅಲ್ಲಿ ಕೊನೆಯ ಪಂದ್ಯ ನಡೆಯಿತು. 57 ಸೀಸನ್‌ಗಳ ನಂಟು ಅವತ್ತು ಕಡಿಯಿತು. 3-2ರಿಂದ ಗೆದ್ದೇ ಹೋದರು. ಕಡಿಮೆ ದುಡ್ಡಲ್ಲಿ ಗೆಲ್ಲೋದು ಹೇಗೆ ಅಂತ ಲೋಕಕ್ಕೆ ತೋರಿಸಿದ ತಂಡ ಅದು. ಆದ್ರೂ ಮೈದಾನದ ವಿಷಯದಲ್ಲಿ ಮಾಲೀಕರು ಮತ್ತು ಆಡಳಿತದ ತಿಕ್ಕಾಟವನ್ನ ಆಟದ ಲೆಕ್ಕ ಬಗೆಹರಿಸಲಿಲ್ಲ.

ನಮಗೇನು ಇದರಿಂದ?

ದೊಡ್ಡವರ ಹಾಗೆ ಖರ್ಚು ಮಾಡಿ ದೊಡ್ಡವರನ್ನ ಸೋಲಿಸೋಕೆ ಆಗಲ್ಲ. ಸಂಜೆ ಗಲ್ಲಾಪೆಟ್ಟಿಗೆಯಲ್ಲಿ ಕಾಣೋ ದುಡ್ಡು ಬ್ಯಾಟಿಂಗ್ ಸರಾಸರಿ ಇದ್ದ ಹಾಗೆ, ಎಲ್ಲರೂ ನೋಡೋದು ಅದನ್ನೇ. ಕಪಾಟಿನಲ್ಲಿ ಆರು ತಿಂಗಳಿಂದ ಕೂತಿರೋ ಮಾಲು, ಉದ್ರಿ ಪುಸ್ತಕದಲ್ಲಿ ವಾಪಸ್ ಬರದ ಬಾಕಿ, ಸದ್ದಿಲ್ಲದೆ ತಿಂಗಳು ತಿಂಗಳು ಬಂದು ಸಾಮಾನು ಕೊಳ್ಳೋ ಗಿರಾಕಿ, ಇವು ಅಲ್ಲಿ ಕಾಣಲ್ಲ. ಓಕ್ಲೆಂಡ್ ಮಾಡಿದ್ದು ಇಷ್ಟೇ: ಬೇರೆಯವರು ಎಣಿಸದೆ ಬಿಟ್ಟಿದ್ದನ್ನ ಎಣಿಸಿತು. ಎದುರಿನವರು ಕಲಿಯೋವರೆಗೆ ಅದರ ಲಾಭ ಪಡೀತು. ಅವರು ಕಲಿತ ಮೇಲೆ ಮತ್ತೆ ಹೊಸದಾಗಿ ಎಣಿಸೋಕೆ ಕೂರಬೇಕು.